ಬಸ್ ಡ್ರೈವರ್‌ಗೆ ಎಂಟು ಗಂಟೆ, ಪೇದೆಗೆ ಎಷ್ಟು?

ಬಸ್ ಓಡಿಸುವವರು ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬುದಕ್ಕೆ ಕಾನೂನಿದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಮಿತಿ ಇತ್ತು. ದೂರದ ಮಾರ್ಗ ಇದ್ದರೆ, ಜಾತ್ರೆ-ಹಬ್ಬದ ಸಮಯವಾದರೆ ಸ್ವಲ್ಪ ಸಡಿಲಿಕೆ ಇತ್ತು. ಆಗಲೂ ದಿನಕ್ಕೆ 10, ವಾರಕ್ಕೆ 54 ಗಂಟೆ ದಾಟುವಂತಿರಲಿಲ್ಲ. ಪಾಲನೆ ಎಷ್ಟಾಗುತ್ತದೆ ಎಂಬುದು ಬೇರೆ ಮಾತು, ಮಿತಿಯನ್ನಂತೂ ಬರೆದಿಟ್ಟಿದ್ದಾರೆ. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡ್ರೈವರ್ ತೂಕಡಿಸಿದರೆ ಐವತ್ತು ಜನ ಹಳ್ಳಕ್ಕೆ ಬೀಳುತ್ತಾರೆ.

ಅದೇ ರಸ್ತೆಯಲ್ಲಿ ರಾತ್ರಿ ಮೂರು ಗಂಟೆಗೆ ಪೊಲೀಸ್ ಜೀಪು ಓಡಿಸುವವರಿಗೆ ಇಂಥ ಮಿತಿ ಇಲ್ಲ. ಹೆಗಲಿಗೆ ಬಂದೂಕು ಹಾಕಿಕೊಂಡು ಪಹರೆ ನಿಂತವರಿಗೂ ಇಲ್ಲ. ಬ್ರಿಟಿಷರು ಮಾಡಿದ 1861ರ ಪೊಲೀಸ್ ಕಾಯ್ದೆ, ಪೊಲೀಸ್ ಅಂದರೆ ಸದಾಕಾಲ ಕರ್ತವ್ಯದಲ್ಲಿ ಇರುವವನು ಎಂದು ಹೇಳಿತು. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಅದೇ ಮಾತನ್ನು ಉಳಿಸಿಕೊಂಡಿತು. ಕರೆದಾಗ ಬರಬೇಕು ಎಂಬ ಅರ್ಥದಲ್ಲಿ ಇದ್ದ ಮಾತು, ನಿದ್ದೆಯೇ ಮಾಡಬಾರದು ಎಂಬ ಅರ್ಥಕ್ಕೆ ಬಂದು ನಿಂತಿದೆ.

ನಾವು ಇಲ್ಲಿ ಬರೆಯುತ್ತಿರುವುದು ಪೊಲೀಸರ ಮೇಲಿನ ಕನಿಕರಕ್ಕಲ್ಲ. ಕನಿಕರದ ಮಾತು ಆಮೇಲೆ. ನಿದ್ದೆಗೆಟ್ಟ ಪೇದೆ ಊರಿಗೆ ಅಪಾಯ ಎಂಬುದು ನಮ್ಮ ವಾದ. ಆ ಅಪಾಯ ಮೊದಲು ತಟ್ಟುವುದು ಹಳ್ಳಿಯವರಿಗೆ, ಅದರಲ್ಲೂ ದೊಡ್ಡವರ ಫೋನ್ ನಂಬರ್ ಇಲ್ಲದವರಿಗೆ.

ತಾಲ್ಲೂಕು ಠಾಣೆಯ ಒಬ್ಬ ಪೇದೆಯ ಮಾಮೂಲಿ ದಿನ ಹೇಗಿರುತ್ತದೆ ಎಂದು ಠಾಣೆಗೆ ಹೋಗಿ ಬರುವವರಿಗೆಲ್ಲ ಗೊತ್ತು. ಬೆಳಿಗ್ಗೆ ರೋಲ್ ಕಾಲ್. ಅಲ್ಲಿಂದ ಕೋರ್ಟ್ ಡ್ಯೂಟಿ, ಸಮನ್ಸ್, ವಾರಂಟ್. ಮಧ್ಯಾಹ್ನ ಸಂತೆಯಲ್ಲಿ ಗಲಾಟೆ ಅಂತ ಫೋನ್. ಸಂಜೆ ಯಾವುದೋ ಊರಲ್ಲಿ ಬಾವಿಯಲ್ಲಿ ಹೆಣ ಸಿಕ್ಕಿತು ಅಂದರೆ ಪಂಚನಾಮೆಗೆ ಓಡಬೇಕು, ಮುಗಿದ ಮೇಲೆ ತಾಲ್ಲೂಕು ಆಸ್ಪತ್ರೆಯ ಶವಾಗಾರದ ಮುಂದೆ ಕಾಯಬೇಕು. ರಾತ್ರಿ ಬೀಟ್. ಬೆಳಗಿನ ಜಾವ ಮನೆಗೆ ಹೋಗಿ ಬೂಟು ಬಿಚ್ಚುವಷ್ಟರಲ್ಲಿ ಮಂತ್ರಿಗಳು ಬರುತ್ತಾರೆ, ಎಂಟು ಗಂಟೆಗೆ ಹೆಲಿಪ್ಯಾಡ್ ಬಂದೋಬಸ್ತ್ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೆಸೇಜು. ಗಣಪತಿ ಹಬ್ಬ ಬಂತೆಂದರೆ ಹದಿನೈದು-ಇಪ್ಪತ್ತು ದಿನ ಇದೇ ಕತೆ. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ಬಂದರೆ ಬೇರೆ ಬೇರೆ ಜಿಲ್ಲೆಗಳಿಂದ ಸಿಬ್ಬಂದಿಯನ್ನು ಅಲ್ಲಿಗೆ ಕಳಿಸುತ್ತಾರೆ. ಹೋದವರು ಚಳಿಯಲ್ಲಿ ಟೆಂಟಿನಲ್ಲಿರುತ್ತಾರೆ, ಉಳಿದವರು ಹೋದವರ ಕೆಲಸವನ್ನೂ ಮಾಡುತ್ತಾರೆ.

ಇದು ನಾವು ಕಂಡದ್ದನ್ನು ದೊಡ್ಡದು ಮಾಡಿ ಹೇಳುತ್ತಿರುವುದಲ್ಲ. ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ 2014ರಲ್ಲಿ ಒಂದು ಅಧ್ಯಯನ ಹೊರತಂದಿತು. ಮಾಡಿದವರು ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನವರು. ಠಾಣೆಯ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ ಎಂದು ಅದು ಹೇಳಿತು. ತಮ್ಮ ಸಿಬ್ಬಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗುವುದಿಲ್ಲ ಎಂದು ಹೇಳಿದ ಠಾಣಾಧಿಕಾರಿಗಳು ಶೇ 73.6. ಐದು ವರ್ಷದ ಮೇಲೆ, 2019ರಲ್ಲಿ, ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್-ಲೋಕನೀತಿ ಸಂಸ್ಥೆಗಳು ದೇಶದ ಬೇರೆ ಬೇರೆ ರಾಜ್ಯಗಳ ಪೊಲೀಸರನ್ನೇ ಮಾತಾಡಿಸಿ ವರದಿ ಮಾಡಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಕೆಲಸದ ಹೊರೆಯಿಂದ ಮೈ-ಮನಸ್ಸು ಎರಡೂ ಕೆಡುತ್ತಿವೆ ಎಂದವರು ನಾಲ್ವರಲ್ಲಿ ಮೂವರು.

ಈಗ ಒಂದು ಲೆಕ್ಕ ನೋಡಿ. ಕುಡಿದು ಗಾಡಿ ಓಡಿಸಿದರೆ ನಮ್ಮನ್ನು ಹಿಡಿಯುವುದು ಯಾವ ಆಧಾರದ ಮೇಲೆ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ನಿದ್ದೆಯ ಬಗ್ಗೆ ಪರೀಕ್ಷೆ ಮಾಡಿದ ವಿಜ್ಞಾನಿಗಳು 1990ರ ದಶಕದಲ್ಲೇ ಒಂದು ವಿಷಯ ತೋರಿಸಿಕೊಟ್ಟಿದ್ದಾರೆ. ಸತತ 17 ಗಂಟೆ ಎಚ್ಚರ ಇದ್ದವನ ಕೈ, ಕಣ್ಣು, ಯೋಚನೆ ನಿಧಾನವಾಗುವುದು ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವನಂತೆಯೇ. 24 ಗಂಟೆ ಎಚ್ಚರ ಇದ್ದರೆ 100 ಮಿಲಿಗ್ರಾಂ ಇದ್ದವನಂತೆ. ಅಂದರೆ ನಮ್ಮ ಬಾಯಿಗೆ ಆಲ್ಕೋಮೀಟರ್ ಇಟ್ಟು ಊದು ಎನ್ನುವ ಪೇದೆ ಒಂದು ಹನಿ ಕುಡಿಯದಿದ್ದರೂ, ಹಿಂದಿನ ದಿನದಿಂದ ಮಲಗಿಲ್ಲದಿದ್ದರೆ, ನಮಗಿಂತ ಹೆಚ್ಚು ಅಮಲಿನಲ್ಲಿರಬಹುದು. ಕುಡಿದವನ ಕೈಗೆ ಬೈಕಿನ ಕೀಲಿ ಕೊಡಬೇಡಿ ಎನ್ನುವ ಸರ್ಕಾರ, ನಿದ್ದೆಗೆಟ್ಟವನ ಕೈಗೆ ಜೀಪು, ಲಾಠಿ, ಬಂದೂಕು, ಎಫ್‌ಐಆರ್ ಬರೆಯುವ ಪೆನ್ನು ಎಲ್ಲವನ್ನೂ ಕೊಟ್ಟಿದೆ.

ಪೆನ್ನಿನ ಮಾತು ಬಂತು. ಜನ ಲಾಠಿ ಏಟನ್ನು ನೆನಪಿಟ್ಟುಕೊಳ್ಳುತ್ತಾರೆ, ಪೆನ್ನಿನ ಏಟು ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬ ಹೆಣ್ಣುಮಗಳು ಗಂಡ ಹೊಡೆದ ಎಂದು ಠಾಣೆಗೆ ಬಂದಳು ಅಂತಿಟ್ಟುಕೊಳ್ಳಿ. ದೂರು ಬರೆದುಕೊಳ್ಳಲು ಕೂತರೆ ಎರಡು ಗಂಟೆ. ಆಮೇಲೆ ಆಸ್ಪತ್ರೆ, ಸ್ಥಳ ಮಹಜರು. ಹದಿನಾರು ಗಂಟೆ ದುಡಿದ ಮುಖ್ಯ ಪೇದೆಗೆ ಆಗ ಸುಲಭದ ದಾರಿ ಯಾವುದು? 'ನಾಳೆ ಹಿರಿಯರನ್ನು ಕರಕೊಂಡು ಬಾರಮ್ಮ, ರಾಜಿ ಮಾಡಿಸೋಣ.' ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಇನ್ನೂ ಮುಂದೆ ಹೋಗಿದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಶೋಧ, ಜಪ್ತಿ ಮಾಡಿದರೆ ವಿಡಿಯೋ ಮಾಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಎಲ್ಲವೂ ಒಳ್ಳೆಯದೇ. ಆದರೆ ಒಂದೊಂದು ಒಳ್ಳೆಯ ನಿಯಮಕ್ಕೂ ಗಂಟೆಗಟ್ಟಲೆ ಕೆಲಸ ಇದೆ. ಕೆಲಸ ಸೇರಿಸಿದವರು ಅದನ್ನು ಮಾಡುವ ಕೈಗಳನ್ನು ಅಷ್ಟೇ ಲೆಕ್ಕದಲ್ಲಿ ಸೇರಿಸಲಿಲ್ಲ.

ಊರಲ್ಲಿ ಕರೆಂಟಿನ ಲೈನ್‌ಮನ್ ಕಂಬ ಹತ್ತುವ ಮುಂಚೆ ಎಲ್‌ಸಿ ತಗೊಳ್ಳುತ್ತಾನಲ್ಲ, ಲೈನ್ ಕ್ಲಿಯರ್. ಸಬ್‌ಸ್ಟೇಷನ್‌ಗೆ ಹೇಳಿ, ಲೈನ್ ಆಫ್ ಮಾಡಿಸಿ, ಬರೆಸಿಕೊಂಡು ಆಮೇಲೆ ಹತ್ತಬೇಕು. ಎಲ್‌ಸಿ ಇಲ್ಲದೆ ಹತ್ತಿದವರ ಹೆಣ ಕಂಬದ ಮೇಲೆ ನೇತಾಡಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ದೊಡ್ಡ ಆಫೀಸುಗಳಲ್ಲಿ ರಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಏನು ಹೇಳುತ್ತಾರೋ ಅದು ಇಷ್ಟೇ. ಅಪಾಯ ಎಲ್ಲಿದೆ ಎಂದು ಮೊದಲೇ ನೋಡು, ತಡೆ ಹಾಕು, ಬರೆದಿಡು, ಆಮೇಲೆ ಕೈ ಹಾಕು.

ಪೊಲೀಸರಿಗೂ ಎಲ್‌ಸಿ ಇದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿಯಮಗಳು ಅದೇ. ಬಂಧಿಸುವವರ ಎದೆಯ ಮೇಲೆ ಹೆಸರು ಇರಬೇಕು. ಬಂಧನದ ಮೆಮೊ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು. ಮನೆಯವರಿಗೆ ತಿಳಿಸಬೇಕು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಕಸ್ಟಡಿಯಲ್ಲಿದ್ದರೆ 48 ಗಂಟೆಗೊಮ್ಮೆ ಮತ್ತೆ ಮಾಡಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದಲ್ಲೇ ಇದೆ. ಠಾಣೆಯ ಒಳಗೆ ಹೊರಗೆಲ್ಲ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಮಾಡಿತು. ಇವೆಲ್ಲ ಆರೋಪಿಯನ್ನು ಕಾಪಾಡಲು ಮಾತ್ರ ಎಂದು ಪೊಲೀಸರೇ ಭಾವಿಸಿದ್ದಾರೆ. ತಪ್ಪು ಅಲ್ಲೇ ಇದೆ. ಲೈನ್ ಕ್ಲಿಯರ್ ಕಾಪಾಡುವುದು ಕಂಬ ಹತ್ತಿದವನನ್ನು.

ಚನ್ನಗಿರಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. 2024ರ ಮೇ 24ರ ರಾತ್ರಿ. ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ವ್ಯಕ್ತಿ ತೀರಿಕೊಂಡರು. ಸುದ್ದಿ ಹಬ್ಬಿ ಜನ ಠಾಣೆಗೆ ನುಗ್ಗಿದರು, ಕಲ್ಲು ಬಿತ್ತು, ವಾಹನಗಳು ಜಖಂ ಆದವು, 11 ಪೊಲೀಸರು ಗಾಯಗೊಂಡರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು. ಇದು ಲಾಕಪ್ ಸಾವಲ್ಲ, ಆದರೆ ಎಫ್‌ಐಆರ್ ಮಾಡದೆ ಕರೆತಂದದ್ದು ತಪ್ಪು, ಅದಕ್ಕೆ ಅಮಾನತು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆಗ ಹೇಳಿದರು. ಸಾವಿನ ಕಾರಣದ ಚರ್ಚೆಗೆ ನಾವು ಹೋಗುವುದಿಲ್ಲ, ಅದು ತನಿಖೆಯ ವಿಷಯ. ಆದರೆ ಒಂದು ಕಾಗದ ಬರೆಯದೆ ಮನುಷ್ಯನನ್ನು ಠಾಣೆಗೆ ತರುವುದು ಎಲ್‌ಸಿ ಇಲ್ಲದೆ ಕಂಬ ಹತ್ತಿದಂತೆಯೇ. ಅಂದು ಕಲ್ಲೇಟು ತಿಂದವರಲ್ಲಿ ಆ ವ್ಯಕ್ತಿಯನ್ನು ಕರೆತರುವ ನಿರ್ಧಾರದಲ್ಲಿ ಪಾಲಿದ್ದವರು ಎಷ್ಟು ಮಂದಿ? ಮೇಲಿನವರು ಹಾರಿಸಿದ ಮೆಟ್ಟಿಲಿಂದ ಬೀಳುವುದು ಕೆಳಗಿನವರು.

ಇನ್ನೊಂದು ಘಟನೆ ಬೆಂಗಳೂರಿನದು, ಆದರೆ ನಮ್ಮ ಜಾತ್ರೆಗಳಿಗೂ ಪಾಠ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಬೆಳಗಿನ ಜಾವದವರೆಗೂ ಬೀದಿಬೀದಿಯಲ್ಲಿ ಸಂಭ್ರಮ, ಅದನ್ನು ನಿಭಾಯಿಸಿದ್ದು ಪೊಲೀಸರು. ಮಾರನೆಯ ದಿನವೇ ವಿಧಾನಸೌಧದಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸನ್ಮಾನ. ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಜನ ಸತ್ತರು. ಕಮಿಷನರ್‌ನಿಂದ ಹಿಡಿದು ಠಾಣೆಯ ಇನ್‌ಸ್ಪೆಕ್ಟರ್‌ವರೆಗೆ ಐವರನ್ನು ಸರ್ಕಾರ ಅಮಾನತು ಮಾಡಿತು. ಅವರಲ್ಲಿ ಒಬ್ಬ ಹಿರಿಯ ಅಧಿಕಾರಿ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದಾಗ, ಪೊಲೀಸರೂ ಮನುಷ್ಯರೇ, ದೇವರಲ್ಲ, ಮಂತ್ರವಾದಿಗಳೂ ಅಲ್ಲ, ಇಷ್ಟು ಕಡಿಮೆ ಸಮಯದಲ್ಲಿ ಅಷ್ಟು ಜನಕ್ಕೆ ವ್ಯವಸ್ಥೆ ಮಾಡಲಾಗದು ಎಂಬ ಅರ್ಥದ ಮಾತು ಹೇಳಿ ಮಂಡಳಿ ಆ ಅಮಾನತನ್ನು ರದ್ದು ಮಾಡಿತು.

ನಮ್ಮೂರ ರಥೋತ್ಸವದಲ್ಲಿ, ಡಿಜೆ ಮೆರವಣಿಗೆಯಲ್ಲಿ ಇದೇ ನಡೆಯುತ್ತದೆ, ಗಾತ್ರ ಮಾತ್ರ ಚಿಕ್ಕದು. ಎಷ್ಟು ಜನ ಬರುತ್ತಾರೆ, ಎಷ್ಟು ಪೊಲೀಸರು ಬೇಕು, ಅವರು ಹಿಂದಿನ ರಾತ್ರಿ ಮಲಗಿದ್ದರಾ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಪಿಎಸ್‌ಐಗೆ 'ಇದು ಆಗುವುದಿಲ್ಲ, ಮುಂದಕ್ಕೆ ಹಾಕಿ' ಎನ್ನಲು ಧೈರ್ಯ ಬೇಕು. ಶಾಸಕರ ಕಡೆಯವರ ಮೆರವಣಿಗೆಗೆ ಹಾಗೆ ಹೇಳಿದರೆ ಮಾರನೇ ವಾರ ವರ್ಗಾವಣೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಧಿ ಕೊಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ನಾಳೆ ಎಲ್ಲಿರುತ್ತೇನೋ ಗೊತ್ತಿಲ್ಲದ ಅಧಿಕಾರಿ ಅಪಾಯದ ಲೆಕ್ಕ ಹಾಕುವುದಿಲ್ಲ, ಫೋನಿನ ಲೆಕ್ಕ ಹಾಕುತ್ತಾನೆ.

ಪೊಲೀಸರೇ ಯಾಕೆ ಕೇಳಬಾರದು ಎನ್ನುತ್ತೀರಾ? ಕೇಳಿದರು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ರಾಜ್ಯದ ಕೆಳಹಂತದ ಪೊಲೀಸರು ಹೊರಟಿದ್ದರು. ಸಂಬಳ ಹೆಚ್ಚಿಸಿ, ವಾರದ ರಜೆ ಕೊಡಿ, ಮೇಲಧಿಕಾರಿಗಳ ಕಿರುಕುಳ ನಿಲ್ಲಿಸಿ ಎಂಬುದು ಬೇಡಿಕೆ. ಸರ್ಕಾರ ಎಸ್ಮಾ ಜಾರಿ ಮಾಡಿತು. ಕರೆ ಕೊಟ್ಟ ಸಂಘದ ಮುಖ್ಯಸ್ಥರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿದರು. ರಜೆ ಕೇಳಿದ್ದಕ್ಕೆ ರಾಜದ್ರೋಹ! ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ ಎಂಬ 1966ರ ಕೇಂದ್ರ ಕಾಯ್ದೆ ಇನ್ನೂ ಇದೆ. ಅಂಗನವಾಡಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಕೂರಬಹುದು, ಆಶಾ ಕಾರ್ಯಕರ್ತೆಯರು ಕೂರಬಹುದು, ಸಾರಿಗೆ ನೌಕರರು ಬಸ್ ನಿಲ್ಲಿಸಬಹುದು. ಅವರೆಲ್ಲರಿಗೆ ಬಂದೋಬಸ್ತ್ ನಿಂತವರು ಮಾತ್ರ ಕೂರುವಂತಿಲ್ಲ.

ಆಮೇಲೆ ಒಂದಿಷ್ಟು ಆಯಿತು, ಇಲ್ಲ ಎನ್ನುವುದಿಲ್ಲ. ಔರಾದ್ಕರ್ ಸಮಿತಿ ವರದಿಯ ಆಧಾರದಲ್ಲಿ 2019ರಲ್ಲಿ ಸಂಬಳ ಪರಿಷ್ಕರಣೆ ಆಯಿತು. ಚಿಕಿತ್ಸೆಗೆ ಆರೋಗ್ಯ ಭಾಗ್ಯ ಇದೆ, ಮನೆಗಳಿಗೆ ಪೊಲೀಸ್ ಗೃಹ ಯೋಜನೆ ಬಂತು. 2025ರ ಅಕ್ಟೋಬರಿನಲ್ಲಿ ಪೇದೆಗಳ ತಲೆ ಮೇಲಿನ ಹಳೇ ಸ್ಲೋಚ್ ಹ್ಯಾಟ್ ಹೋಗಿ ಹೊಸ ಟೋಪಿ ಬಂತು. ಟೋಪಿ ಚೆನ್ನಾಗಿದೆ, ಸಂತೋಷ. ಆದರೆ ಸಂಬಳ, ಮನೆ, ಟೋಪಿ ಯಾವುದೂ ನಿದ್ದೆಯ ಬದಲಿಗೆ ಬರುವುದಿಲ್ಲ. ವಾರದ ರಜೆ ಪಟ್ಟಿಯಲ್ಲಿರುತ್ತದೆ, ಬಂದೋಬಸ್ತ್ ಬಂದ ತಕ್ಷಣ ಮೊದಲು ಹಾರಿಹೋಗುವುದು ಅದೇ.

ಇದು ಆಗದ ಕೆಲಸ ಎನ್ನುವವರಿಗೆ ಪಕ್ಕದ ಮಹಾರಾಷ್ಟ್ರದ ಒಂದು ಉದಾಹರಣೆ. ಮುಂಬಯಿಯ ದೇವನಾರ್ ಠಾಣೆಯ ರವೀಂದ್ರ ಪಾಟೀಲ್ ಎಂಬ ಪೇದೆ ಎಂಟು ಗಂಟೆಯ ಪಾಳಿ ಹೇಗೆ ಮಾಡಬಹುದು ಎಂದು ತಾವೇ ಕೂತು ವೇಳಾಪಟ್ಟಿ ಹಾಕಿದರು. ಅದನ್ನು ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅವರ ಮುಂದಿಟ್ಟರು. ಕಮಿಷನರ್ ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ. 2016ರ ಮೇ ತಿಂಗಳಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಶುರುವಾಗಿ, ಮುಂದೆ ನಗರದ ಬೇರೆ ಠಾಣೆಗಳಿಗೂ ಹೋಯಿತು. ನಮ್ಮಲ್ಲಿ ರಜೆ ಕೇಳಿದವರ ಮೇಲೆ ಎಸ್ಮಾ ಹೇರಿದ್ದೂ, ಅಲ್ಲಿ ಪೇದೆಯ ಪಟ್ಟಿಗೆ ಕಮಿಷನರ್ ಸಹಿ ಹಾಕಿದ್ದೂ ಒಂದು ತಿಂಗಳ ಅಂತರದಲ್ಲಿ. 2019ರಲ್ಲಿ ಆಂಧ್ರ, 2021ರಲ್ಲಿ ತಮಿಳುನಾಡು ವಾರದ ರಜೆ ಘೋಷಿಸಿದವು. ಘೋಷಣೆಗೂ ಪಾಲನೆಗೂ ನಡುವೆ ದೂರ ಇದ್ದೇ ಇರುತ್ತದೆ. ಆದರೂ ಮೊದಲು ಬರೆದಿಡಬೇಕಲ್ಲ. ಬರೆದಿಟ್ಟದ್ದನ್ನು ಮುರಿದರೆ ಕೇಳಬಹುದು, ಬರೆಯದೇ ಇದ್ದದ್ದನ್ನು ಯಾರು ಕೇಳುತ್ತಾರೆ?

ಇನ್ನು ಮನಸ್ಸಿನ ಮಾತು. ಹೆಣ ಇಳಿಸುವುದು, ಅಪಘಾತದಲ್ಲಿ ಛಿದ್ರವಾದ ಮಕ್ಕಳನ್ನು ಎತ್ತುವುದು, ಅತ್ಯಾಚಾರವಾದ ಹುಡುಗಿಯ ಹೇಳಿಕೆ ಬರೆದುಕೊಳ್ಳುವುದು. ನಾವು ವರದಿಗಾರರು ಅಂಥ ಜಾಗಕ್ಕೆ ಹೋಗಿ ಅರ್ಧ ಗಂಟೆ ನಿಂತು ಬಂದರೆ ಎರಡು ದಿನ ಊಟ ಸೇರುವುದಿಲ್ಲ. ಅವರು ಅಲ್ಲಿಂದ ನೇರ ಮುಂದಿನ ಡ್ಯೂಟಿಗೆ ಹೋಗುತ್ತಾರೆ. ಇದನ್ನೆಲ್ಲ ಎಲ್ಲಿ ಇಳಿಸುವುದು? ಕೆಲವರು ಬಾಟಲಿಗೆ, ಕೆಲವರು ಹೆಂಡತಿ ಮಕ್ಕಳ ಮೇಲೆ, ಕೆಲವರು ಠಾಣೆಗೆ ಬಂದವರ ಬೆನ್ನ ಮೇಲೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಹೆದರಿಕೆ. 'ಹುಚ್ಚು ಹಿಡಿದಿದೆ' ಎಂಬ ಮಾತು ಹಬ್ಬುತ್ತದೆ, ಬಂದೂಕು ಕಿತ್ತುಕೊಳ್ಳುತ್ತಾರೆ, ಬಡ್ತಿಗೆ ಅಡ್ಡ ಬರುತ್ತದೆ. ಮಹಿಳಾ ಸಿಬ್ಬಂದಿಯ ಪಾಡು ಇನ್ನೂ ಒಂದು ಕೈ ಹೆಚ್ಚು. ಬಂದೋಬಸ್ತಿನಲ್ಲಿ ಹತ್ತು ಗಂಟೆ ಶೌಚಾಲಯ ಇಲ್ಲದೆ ನಿಲ್ಲಬೇಕು ಎಂದು ಬೆಳಿಗ್ಗೆಯಿಂದ ನೀರೇ ಕುಡಿಯದವರಿದ್ದಾರೆ. ಅವರ ಮನೆಯಲ್ಲಿ ಒಲೆ ಹಚ್ಚುವ ಕೆಲಸವೂ ಅವರಿಗೇ ಕಾದಿರುತ್ತದೆ.

ವಿಚಿತ್ರ ಏನೆಂದರೆ, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವುದು ಹೇಗೆಂದು ದೇಶಕ್ಕೆ ತೋರಿಸಿದ್ದು ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಬಳ್ಳಾರಿ ಮಾದರಿ ಆಸ್ಪತ್ರೆಗೆ ಬಂತು, ಠಾಣೆಯ ಕಾಂಪೌಂಡು ದಾಟಲಿಲ್ಲ. ವರ್ಷಕ್ಕೊಮ್ಮೆ ಯೋಗ ಶಿಬಿರ, ಬಿಪಿ-ಶುಗರ್ ತಪಾಸಣೆ ಮಾಡಿಸಿ ಫೋಟೋ ಕಳಿಸುತ್ತಾರೆ, ನಾವೂ ಹಾಕುತ್ತೇವೆ. ಬೇಕಿರುವುದು ಹೆಸರು ಹೊರಗೆ ಬಾರದಂತೆ, ಸೇವಾ ಪುಸ್ತಕಕ್ಕೆ ಏರದಂತೆ ಮಾತಾಡಲು ಒಬ್ಬರು. ಕೆಟ್ಟ ಘಟನೆ ನೋಡಿದ ಮಾರನೇ ದಿನ ರಜೆ. ಈ ಎರಡಕ್ಕೆ ದೊಡ್ಡ ದುಡ್ಡು ಬೇಕಾಗಿಲ್ಲ. ಓದುವವರಲ್ಲಿ ಪೊಲೀಸರ ಮನೆಯವರೂ ಇರುತ್ತೀರಿ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇವೆ: ಟೆಲಿ ಮನಸ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಯಾವ ಮೇಲಧಿಕಾರಿಯ ಅನುಮತಿಯೂ ಬೇಡ.

ಈ ಲೇಖನ ಹಾಕಿದ ಮೇಲೆ ಬರುವ ಮೊದಲ ಮೆಸೇಜು ಯಾವುದು ಎಂದು ನಮಗೆ ಗೊತ್ತು. 'ಲಂಚ ತಿನ್ನುವವರಿಗೆ ಯಾಕೆ ಸ್ವಾಮಿ ಇಷ್ಟು ಕರುಣೆ? ನಮ್ಮ ಹುಡುಗನಿಗೆ ಸುಮ್ಮನೆ ಹೊಡೆದರಲ್ಲ?' ಸಿಟ್ಟು ನ್ಯಾಯವಾದದ್ದೇ. ಲಂಚಕ್ಕೆ ನಿದ್ದೆಗೇಡು ಕಾರಣ ಎಂದು ನಾವು ಹೇಳುವುದಿಲ್ಲ. ಎಂಟು ಗಂಟೆ ಮಲಗಿ ಎದ್ದವನೂ ಲಂಚ ತಿನ್ನುತ್ತಾನೆ. ಜಾತಿ ನೋಡಿ ಕೈ ಎತ್ತುವವನಿಗೆ ವಾರದ ರಜೆ ಕೊಟ್ಟರೆ ಗುಣ ಬದಲಾಗುವುದಿಲ್ಲ, ಅವನಿಗೆ ಶಿಕ್ಷೆಯೇ ಆಗಬೇಕು. ಹೊಡೆತ ತಿಂದವರು ದೂರು ಕೊಡಲು ಪೊಲೀಸ್ ದೂರು ಪ್ರಾಧಿಕಾರ ಇದೆ. ಸುಪ್ರೀಂ ಕೋರ್ಟಿನ 2006ರ ಅದೇ ತೀರ್ಪು ರಾಜ್ಯಕ್ಕೊಂದು, ಜಿಲ್ಲೆಗೊಂದು ಇರಬೇಕು ಎಂದಿತ್ತು.

ಆದರೆ ಒಂದು ಮಾತು. ಈಗ ತಪ್ಪು ಮಾಡಿದ ಪೊಲೀಸರಿಗೆ 'ಒತ್ತಡ ಇತ್ತು' ಎಂಬ ನೆಪ ಸುಲಭವಾಗಿ ಸಿಗುತ್ತದೆ. ಪಾಳಿ ಬರೆದಿದ್ದು, ರಜೆ ಸಿಕ್ಕಿದ್ದು, ಸಿಸಿಟಿವಿ ನಡೆಯುತ್ತಿದ್ದರೆ ಆ ನೆಪ ನಡೆಯುವುದಿಲ್ಲ. ವಿಶ್ರಾಂತಿ ಕೊಟ್ಟ ಮೇಲೆ ಲೆಕ್ಕ ಕೇಳುವುದು ಸುಲಭ. ಎರಡನ್ನೂ ಒಟ್ಟಿಗೆ ಕೇಳಬೇಕು ಎನ್ನುವುದು ನಮ್ಮ ನಿಲುವು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವವರ ಜೊತೆ ನಾವಿಲ್ಲ. ಇನ್ನು 'ಸಿಂಗಂ' ಅಂತ ಮೀಸೆ ಪೊಲೀಸರ ವಿಡಿಯೋ ಹಂಚುವವರಿಗೆ ಒಂದು ಮನವಿ: ಮುಂದಿನ ಸಲ ಆ ಏಟು ಯಾರಿಗೆ ಬಿದ್ದಿದೆ ಎಂದು ಒಮ್ಮೆ ನೋಡಿ. ಸಾಹುಕಾರನಿಗೆ ಬಿದ್ದದ್ದನ್ನು ನಾವಂತೂ ಇನ್ನೂ ನೋಡಿಲ್ಲ.

ನಮ್ಮ ಕಡೆಯಿಂದಲೂ ಒಂದಿಷ್ಟು ಇದೆ. ಬೀಟ್ ಪೇದೆಯ ನಂಬರ್ ಊರಿಗೆಲ್ಲ ಸಿಕ್ಕ ಮೇಲೆ ಹೊಲದ ಬದುವಿನ ಜಗಳಕ್ಕೂ, ಮೇಕೆ ಬೇಲಿ ಹಾರಿದ್ದಕ್ಕೂ ರಾತ್ರಿ ಒಂದು ಗಂಟೆಗೆ ಅವರಿಗೇ ಫೋನ್ ಹೋಗುತ್ತಿದೆ. ತುರ್ತು ಇದ್ದರೆ 112 ಇದೆ, ಅಲ್ಲಿ ಪಾಳಿಯ ಮೇಲೆ ಇದ್ದವರು ಬರುತ್ತಾರೆ, ಕರೆಯೂ ದಾಖಲಾಗುತ್ತದೆ. ಬೆಳಗಾಗುವವರೆಗೆ ಕಾಯಬಹುದಾದದ್ದು ಕಾಯಲಿ. ಮನೆ ಗೃಹಪ್ರವೇಶಕ್ಕೂ ಇಬ್ಬರು ಪೊಲೀಸರು ನಿಂತರೆ ಗತ್ತು ಎಂದುಕೊಂಡಿರುವ ನಮ್ಮ ಮುಖಂಡರಿಗೂ ಯಾರಾದರೂ ಹೇಳಬೇಕು.

ಸಂಖ್ಯೆ ಕೇಳಿ. ನಿಮ್ಮ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಕಳೆದ ಮೂರು ತಿಂಗಳಲ್ಲಿ ಎಷ್ಟು ವಾರದ ರಜೆ ಮಂಜೂರಾಗಿ ಎಷ್ಟು ರದ್ದಾಯಿತು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ, ಎಸ್‌ಪಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಸಿಸಿಟಿವಿ ಎಷ್ಟಿವೆ, ಎಷ್ಟು ಕೆಲಸ ಮಾಡುತ್ತಿವೆ ಎಂಬುದಕ್ಕೆ ಇನ್ನೊಂದು ಅರ್ಜಿ. ಠಾಣೆಯವರ ಮೇಲೆ ಸಿಟ್ಟಿಗೆ ಹಾಕಿದ ಅರ್ಜಿ ಎಂದು ಅವರು ಭಾವಿಸಬಹುದು. ಪೇದೆಗಳು ಮಾತ್ರ ಒಳಗೊಳಗೇ ಖುಷಿಪಡುತ್ತಾರೆ.

ಅರ್ಜಿಯ ರಗಳೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಹಬ್ಬಕ್ಕೆ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಟೀ ಬಿಸ್ಕತ್ತು ಕೊಡುತ್ತಾರೆ, ಡಿಜೆ ಸೌಂಡು ಎಷ್ಟಿರಬೇಕು, ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂದು ಮಾತಾಗುತ್ತದೆ, ಎಲ್ಲರೂ ಸಹಿ ಹಾಕಿ ಏಳುತ್ತಾರೆ. ಏಳುವ ಮುಂಚೆ ಒಬ್ಬರು ಎದ್ದು ನಿಂತು, 'ಸರ್, ವಿಸರ್ಜನೆ ದಿನ ನಮ್ಮೂರಿಗೆ ಎಷ್ಟು ಜನ ಪೊಲೀಸರು ಬರುತ್ತಾರೆ, ಹಿಂದಿನ ರಾತ್ರಿ ಅವರಿಗೆ ಎಲ್ಲಿ ಡ್ಯೂಟಿ ಹಾಕಿದ್ದೀರಿ?' ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅದರ ಫೋಟೋ ತೆಗೆದು ನಮಗೆ ಕಳಿಸಿ, ತಾಲ್ಲೂಕುವಾರು ಇಲ್ಲೇ ಹಾಕುತ್ತೇವೆ.